ಹೊಲದ ಒಡೆತನ ಬದಲಿಸಿದ ಒಂದು ಅರ್ಜಿ

ದಕ್ಷಿಣ ಕನ್ನಡ, ಉಡುಪಿ ಕಡೆ ಜಮೀನಿನ ಮಾತು ಬಂದರೆ ಹಿರಿಯರು ಇಂದಿಗೂ ‘ಇದು ಡಿಕ್ಲರೇಷನ್‌ನಲ್ಲಿ ಬಂದದ್ದು’ ಎನ್ನುತ್ತಾರೆ. ಕ್ರಯಕ್ಕೆ ಪಡೆದದ್ದಲ್ಲ, ಹಿರಿಯರ ಪಾಲಿನಿಂದ ಬಂದದ್ದೂ ಅಲ್ಲ, 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗೇಣಿದಾರರು, ಅಂದರೆ ಬಾಡಿಗೆ ಕೊಟ್ಟು ಅನ್ಯರ ಹೊಲ ಮಾಡುತ್ತಿದ್ದವರು, ಫಾರಂ ನಂಬರ್ 7 ತುಂಬಿ ಕೊಟ್ಟ ಘೋಷಣೆಯಿಂದ ಬಂದದ್ದು ಎಂದು ಅದರ ಅರ್ಥ. ಸರ್ಕಾರದ ಒಂದು ನಮೂನೆಯ ಹೆಸರು ಜನರ ಆಡುಮಾತಿನೊಳಗೆ ಐವತ್ತು ವರ್ಷ ಉಳಿದಿದೆಯೆಂದರೆ ಆ ನಮೂನೆ ಅವರ ಬದುಕನ್ನು ಎಷ್ಟು ಆಳವಾಗಿ ಮುಟ್ಟಿರಬೇಕೆಂಬುದನ್ನು ಊಹಿಸಬಹುದು. ಸರ್ಕಾರದ ಅಧಿಕಾರ ಸಮಾಜಕ್ಕೆ ಒಳಿತನ್ನು ಹೇಗೆ ಮಾಡುತ್ತದೆ, ಅದೇ ಅಧಿಕಾರ ಅದೇ ಊರಿನಲ್ಲಿ ಕೇಡನ್ನು ಹೇಗೆ ಮಾಡುತ್ತದೆ ಎಂಬುದನ್ನು ಅರಿಯಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಎಲ್ಲರೂ ಕೇಳಿದ್ದಾರೆ, ಅದರ ಹಿಂದಿದ್ದ ಯಂತ್ರವನ್ನು ಬಲ್ಲವರು ಕಡಿಮೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಆ ಯಂತ್ರದಲ್ಲಿದೆ: ರುಜುವಾತು ಮಾಡುವ ಹೊರೆಯನ್ನು ಕಾನೂನು ಯಾರ ಹೆಗಲಿಗೆ ಹೊರಿಸಿತು, ಯಾವ ಕಾಗದವನ್ನು ನಂಬಿತು, ಎಷ್ಟು ಕಾಲಾವಕಾಶ ಕೊಟ್ಟಿತು, ಯಾರೆದುರು ನಿಂತು ಮಾತನಾಡಬೇಕೆಂದು ಹೇಳಿತು. ಫಲ ಕಂಡವರು ಕಂಡದ್ದೂ ಪೆಟ್ಟು ತಿಂದವರು ತಿಂದದ್ದೂ ಬಹುಮಟ್ಟಿಗೆ ಈ ನಾಲ್ಕು ಸಂಗತಿಗಳಿಂದಲೇ.

ಮೊದಲು ಹಿನ್ನೆಲೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ದೀವರ ಸಮುದಾಯದ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಕೇಂದ್ರದಲ್ಲಿದ್ದದ್ದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರ ಅಂಗಳದಲ್ಲಿ ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಇಷ್ಟು ಖಂಡುಗ ಗೇಣಿ ಎಂದು ಬಾಯಲ್ಲಿ ಒಪ್ಪಂದವಾದ ಮೇಲೆ ಅಳತೆಯ ಪಾತ್ರೆಯೇ ದೊಡ್ಡದಾದರೆ ಲೆಕ್ಕದಲ್ಲಿ ಏನೂ ಬದಲಾಗದೆ ಒಕ್ಕಲಿನ ಮನೆಯ ಕಾಳು ಕಡಿಮೆಯಾಗುತ್ತದೆ. ಹೊಸ ಬೆಳೆಯನ್ನು ಹೊತ್ತು ತಂದವನು ತನ್ನ ಭತ್ತವನ್ನು ತಾನು ಅಳೆಯುವಂತಿಲ್ಲ, ಅಳೆಯುವವನ ಕೈಯನ್ನು ನೋಡುತ್ತ ನಿಂತಿರಬೇಕು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಸಮಾಜವಾದಿ ಪಕ್ಷದ ಬೆಂಬಲ ದೊರೆತು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅದೇ ಕಾಗೋಡಿನ ತಿಮ್ಮಪ್ಪನವರು ದಶಕಗಳ ಬಳಿಕ ರಾಜ್ಯದ ಕಂದಾಯ ಸಚಿವರಾದರು ಎಂಬುದನ್ನು ಇಲ್ಲಿಯೇ ನೆನೆಯಬೇಕೆನಿಸುತ್ತದೆ.

ಗೇಣಿ ಪದ್ಧತಿ ರಾಜ್ಯದಲ್ಲೆಲ್ಲ ಒಂದೇ ಬಗೆಯದಾಗಿರಲಿಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡ ಮತ್ತು ಮಲೆನಾಡಿನ ಭಾಗಗಳಲ್ಲಿ ಅದು ಬೇಸಾಯದ ಬೆನ್ನೆಲುಬಾಗಿತ್ತು. ತಲೆತಲಾಂತರಕ್ಕೆ ನಿಗದಿಯಾದ ಗೇಣಿಯನ್ನು ಕೊಟ್ಟು ಭದ್ರವಾಗಿದ್ದ ಮೂಲಗೇಣಿದಾರರು ಒಂದು ಕಡೆಗಿದ್ದರೆ, ಧಣಿ ಬೇಡವೆಂದ ದಿನ ಗದ್ದೆ ಬಿಟ್ಟು ಏಳಬೇಕಾದ ಚಾಲಗೇಣಿದಾರರು ಇನ್ನೊಂದು ಕಡೆಗಿದ್ದರು. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಸ್ವಂತ ಬೇಸಾಯವೇ ಹೆಚ್ಚು, ಉತ್ತರ ಕರ್ನಾಟಕದಲ್ಲಿ ಲಾವಣಿ ಎಂಬ ಗುತ್ತಿಗೆ ಮತ್ತು ಪಾಲಿನ ಪದ್ಧತಿಗಳು ಕೂಲಿಯಾಳುಗಳ ಬೇಸಾಯದೊಂದಿಗೆ ಬೆರೆತಿದ್ದವು. ಇಂಥ ರಾಜ್ಯಕ್ಕೆ ಒಂದೇ ಕಾನೂನು ತಂದಾಗ ಅದರ ಫಲ ಎಲ್ಲೆಡೆ ಒಂದೇ ಆಗಲು ಸಾಧ್ಯವಿರಲಿಲ್ಲ.

ಈಗ ಮೊದಲ ಪ್ರಯತ್ನವನ್ನು ನೋಡೋಣ, ಏಕೆಂದರೆ ಅದರ ಸೋಲು ಎರಡನೆಯದರ ಗೆಲುವಿನಷ್ಟೇ ಕಲಿಸುತ್ತದೆ. ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ವರದಿಯ ಹಿನ್ನೆಲೆಯಲ್ಲಿ ಮೈಸೂರು ಭೂಸುಧಾರಣಾ ಕಾಯ್ದೆ 1961ರಲ್ಲಿ ಸಿದ್ಧವಾಯಿತು, 1962ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು, ಆದರೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಡುವಿನ ವರ್ಷಗಳಲ್ಲಿ ಏನಾಗುತ್ತದೆಂಬುದು ಹಳ್ಳಿಯನ್ನು ಬಲ್ಲ ಯಾರಿಗೂ ಒಗಟಲ್ಲ. ಗೇಣಿದಾರನಿಗೆ ಹಕ್ಕು ಸಿಗಲಿದೆ ಎಂದು ಮೊದಲು ತಿಳಿದದ್ದು ಪತ್ರಿಕೆ ಓದುವ, ವಕೀಲರ ಪರಿಚಯವಿರುವ ಒಡೆಯರಿಗೆ. ಗೇಣಿ ಚೀಟಿಗಳು ನಿಂತವು, ಗದ್ದೆಗಳು ಒಬ್ಬರಿಂದ ಇನ್ನೊಬ್ಬರಿಗೆ ಬದಲಾದವು, ‘ನಾನು ಸ್ವಇಚ್ಛೆಯಿಂದ ಜಮೀನು ಬಿಟ್ಟುಕೊಟ್ಟಿದ್ದೇನೆ’ ಎಂಬ ಕಾಗದಗಳಿಗೆ ಹೆಬ್ಬೆಟ್ಟುಗಳು ಬಿದ್ದವು. ಮೇಲಾಗಿ ಆ ಕಾಯ್ದೆ ಸ್ವಂತ ಬೇಸಾಯಕ್ಕೆಂದು ಗೇಣಿ ಜಮೀನಿನ ಒಂದು ಭಾಗವನ್ನು ಮರಳಿ ಪಡೆಯುವ ಹಕ್ಕನ್ನು ಒಡೆಯನಿಗೆ ಉಳಿಸಿತ್ತು. ತಾನು ಗೇಣಿದಾರನೆಂದು ಸಾಧಿಸುವ ಹೊರೆ ಬಿದ್ದದ್ದು ಕಾಗದವೇ ಇಲ್ಲದವನ ಮೇಲೆ. ಬಡವರ ಪರವಾಗಿ ಬರೆದ ಕಾನೂನು ಬಡವರನ್ನು ಹೊಲದಿಂದ ಎಬ್ಬಿಸುವ ಸೂಚನಾಪತ್ರವಾಗಿ ಕೆಲಸ ಮಾಡಿತು. ಇದನ್ನು ಬರೆದವರಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾನು ನಂಬುವುದಿಲ್ಲ. ಅಧಿಕಾರ ಮಾತನಾಡಿದ ದಿನಕ್ಕೂ ಅದು ಕೈಯೆತ್ತಿದ ದಿನಕ್ಕೂ ನಡುವೆ ಬಿಟ್ಟ ಅಂತರವೇ ಕೇಡನ್ನು ಮಾಡಿತು.

ದೇವರಾಜ ಅರಸು ಅವರು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಬಂದ ತಿದ್ದುಪಡಿ, ಅಂದರೆ 1974ರ 1ನೇ ಕಾಯ್ದೆ, ಈ ಸಂದುಗಳನ್ನು ಒಂದೊಂದಾಗಿ ಮುಚ್ಚಿತು. ಅದರ 44ನೇ ಕಲಮು ಹೇಳಿದ್ದು ಇಷ್ಟು: 1974ರ ಮಾರ್ಚ್ 1ಕ್ಕೆ ನಿಕಟಪೂರ್ವದಲ್ಲಿ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನೆಲ್ಲ ಆ ದಿನದಿಂದ ರಾಜ್ಯ ಸರ್ಕಾರದಲ್ಲಿ ನಿಹಿತವಾಗುತ್ತದೆ. ಈ ಒಂದು ವಾಕ್ಯದ ಚಾತುರ್ಯವನ್ನು ನಿಧಾನವಾಗಿ ಗಮನಿಸಬೇಕು. ಗೇಣಿದಾರ ಅರ್ಜಿ ಹಾಕಿದ ಮೇಲೆ ಜಮೀನು ಅವನಿಗೆ ಹೋಗುತ್ತದೆಂದು ಕಾನೂನು ಹೇಳಿದ್ದರೆ, ಅರ್ಜಿ ಹಾಕದಂತೆ ಅವನನ್ನು ಒಪ್ಪಿಸುವುದು ಅಥವಾ ಹೆದರಿಸುವುದು ಒಡೆಯನಿಗೆ ಲಾಭವಾಗುತ್ತಿತ್ತು. ಜಮೀನು ಮೊದಲು ಸರ್ಕಾರಕ್ಕೆ ಬಂದು, ಅಲ್ಲಿಂದ 45ನೇ ಕಲಮಿನ ಪ್ರಕಾರ ಗೇಣಿದಾರನಿಗೆ ಅಧಿಭೋಗದ, ಅಂದರೆ ಒಡೆಯನಾಗಿ ಅನುಭವಿಸುವ, ಹಕ್ಕು ಹೋಗುವುದಾದರೆ, ಒಡೆಯ ಮತ್ತು ಒಕ್ಕಲಿನ ನಡುವಿನ ಖಾಸಗಿ ರಾಜಿಗೆ ಕಾನೂನಿನ ಕಣ್ಣಲ್ಲಿ ಬೆಲೆಯೇ ಉಳಿಯುವುದಿಲ್ಲ. ಒಕ್ಕಲಿನಿಂದ ಬಿಟ್ಟುಕೊಡಿಸಿಕೊಳ್ಳಲು ಆ ಜಮೀನು ಇನ್ನು ಒಡೆಯನದಾಗಿ ಉಳಿದಿಲ್ಲ.

ಇದಕ್ಕೆ ಬೆಂಬಲವಾಗಿ 4ನೇ ಕಲಮಿತ್ತು. ಅನ್ಯರ ಜಮೀನನ್ನು ಕಾನೂನುಬದ್ಧವಾಗಿ ಸಾಗುವಳಿ ಮಾಡುತ್ತಿರುವವನು, ಅವನು ಒಡೆಯನ ಕುಟುಂಬದವನೋ ಕೂಲಿಯಾಳೋ ಅಡಮಾನ ಹಿಡಿದವನೋ ಆಗಿಲ್ಲದಿದ್ದರೆ, ಗೇಣಿದಾರನೆಂದೇ ಭಾವಿಸತಕ್ಕದ್ದು ಎಂದು ಅದು ಹೇಳುತ್ತಿತ್ತು. ಜಮೀನಿನ ಸರ್ಕಾರಿ ದಾಖಲೆಯಾದ ಪಹಣಿಯ ಕಾಲಂಗಳು ಇದ್ದಕ್ಕಿದ್ದಂತೆ ಮಹತ್ವ ಪಡೆದವು. ಒಂಬತ್ತನೆಯ ಕಾಲಂನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರು. ಶ್ಯಾನುಭೋಗರ ವಂಶಪಾರಂಪರ್ಯದ ಹುದ್ದೆ 1963ರಲ್ಲಿ ರದ್ದಾಗಿ ಸಂಬಳದ ಗ್ರಾಮಲೆಕ್ಕಿಗರು ಬಂದಿದ್ದರೂ, ಬಹಳ ಊರುಗಳಲ್ಲಿ ಆ ಹನ್ನೆರಡನೆಯ ಕಾಲಂನಲ್ಲಿ ಒಡೆಯನ ಹೆಸರೇ ‘ಸ್ವಂತ’ ಎಂದು ಮುಂದುವರಿದಿತ್ತು. ಆದ್ದರಿಂದ ಪಹಣಿಯೊಂದನ್ನೇ ನೆಚ್ಚಿದ್ದರೆ ಎರಡನೆಯ ಪ್ರಯತ್ನವೂ ಮೊದಲಿನದರಂತೆಯೇ ಸೋಲುತ್ತಿತ್ತು.

ಹಾಗಾಗದಂತೆ ತಡೆದದ್ದು ತಾಲೂಕಿನ ಭೂನ್ಯಾಯಮಂಡಳಿ, ಜನರ ಮಾತಿನಲ್ಲಿ ಟ್ರಿಬ್ಯೂನಲ್. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ, ಸಿವಿಲ್ ಕೋರ್ಟಿಗೆ ಅಧಿಕಾರವಿರಲಿಲ್ಲ. ಗೇಣಿದಾರನ ಬಳಿ ಚೀಟಿಯಿಲ್ಲದಿದ್ದರೂ ನೆರೆಹೊಲದವನ ಸಾಕ್ಷಿಯನ್ನು ಕೇಳಬಹುದಿತ್ತು, ಸ್ಥಳಕ್ಕೆ ಹೋಗಿ ನೋಡಬಹುದಿತ್ತು. ಯಾವ ಬದುವಿನ ಆಚೆ ಯಾರ ಗದ್ದೆ, ನೀರು ಯಾವ ಕಡೆಯಿಂದ ಬರುತ್ತದೆ, ಕಳೆದ ವರ್ಷ ಯಾವ ತಳಿಯ ಭತ್ತ ಹಾಕಿತ್ತು ಎಂದು ಕೇಳಿದರೆ ಉತ್ತವನು ತಡವರಿಸುವುದಿಲ್ಲ, ಉಳದವನು ತಡವರಿಸುತ್ತಾನೆ. ಕಾಗದ ಬಲ್ಲವನ ನ್ಯಾಯಾಲಯವನ್ನು ನೆಲ ಬಲ್ಲವನ ನ್ಯಾಯಾಲಯವಾಗಿ ಬದಲಿಸಿದ್ದು ನನ್ನ ದೃಷ್ಟಿಯಲ್ಲಿ ಈ ಕಾನೂನಿನ ನಿಜವಾದ ಕ್ರಾಂತಿ. ಅರ್ಜಿಗೆ ಕೊಟ್ಟ ಗಡುವು ಹಲವು ಸಲ ವಿಸ್ತರಣೆಯಾಗಿ ಕೊನೆಗೆ 1979ರ ಜೂನ್ 30ಕ್ಕೆ ಮುಗಿಯಿತು. ಸುಮಾರು 8 ಲಕ್ಷ ಅರ್ಜಿಗಳು ಬಂದವು, 5 ಲಕ್ಷಕ್ಕೆ ಸಮೀಪದ ಅರ್ಜಿಗಳಲ್ಲಿ ಗೇಣಿದಾರರಿಗೆ ಹಕ್ಕು ಸಿಕ್ಕಿತು, 20 ಲಕ್ಷ ಎಕರೆಗೂ ಮಿಕ್ಕ ಜಮೀನು ಕೈ ಬದಲಿಸಿತು.

ಇಷ್ಟೊಂದು ಆಸ್ತಿಯನ್ನು ಒಂದು ಸರ್ಕಾರ ಕಲಮಿನ ಬಲದಿಂದ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಡಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ದೇಶದ ಅತ್ಯುನ್ನತ ಉತ್ತರ ಬಂದದ್ದು ಕನ್ನಡದ ನೆಲಕ್ಕೆ ಅಂಟಿದ ಒಂದು ಮಠದ ಮೊಕದ್ದಮೆಯಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಕೊಟ್ಟ ತೀರ್ಪು ಎರಡು ಮಾತುಗಳನ್ನು ಹೇಳಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಭೂಸುಧಾರಣೆಗಾಗಿ ಆಸ್ತಿಯ ಹಕ್ಕಿಗೆ ಹಾಕಿದ ಮಿತಿ ಹಾಗೆ ಕೆಡಿಸಿದಂತಾಗುವುದಿಲ್ಲ. ಮಠಕ್ಕೆ ತನ್ನ ಜಮೀನು ಮರಳಲಿಲ್ಲ, ಆದರೆ ಅದು ಹಾಕಿದ ಅರ್ಜಿಯಿಂದ ಭಾರತದ ಪ್ರತಿಯೊಂದು ಸರ್ಕಾರದ ಮುಂದೆ ದಾಟಬಾರದ ಗೆರೆಯೊಂದು ಎದ್ದಿತು. ಹತ್ತು ತಿಂಗಳ ಬಳಿಕ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದಾಗ ಅದು ಈ ಗೆರೆಯ ಒಳಗೆ ನಿಂತಿತ್ತು.

ಫಲವನ್ನು ಊರಿನ ಮಟ್ಟದಲ್ಲಿ ನೋಡಿದರೆ ಸಂಖ್ಯೆಗಳು ಹೇಳದ ಸಂಗತಿಗಳು ಕಾಣುತ್ತವೆ. ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡು ಹಳ್ಳಿಗಳ ಕಡೆ ಬರತೊಡಗಿದ್ದ ಕಾಲವದು, ತನ್ನ ಹೆಸರಿನ ಪಹಣಿ ಹಿಡಿದು ಸಾಲಕ್ಕೆ ಹೋಗುವುದು ಗೇಣಿದಾರನ ಮನೆಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸವಾಗಿತ್ತು. ನಾಳೆ ಎಬ್ಬಿಸುತ್ತಾರೆಂಬ ಭಯವಿದ್ದವನು ಬಾವಿ ತೋಡಿಸುವುದಿಲ್ಲ, ಅಡಿಕೆ ಸಸಿ ನೆಡುವುದಿಲ್ಲ, ಏಕೆಂದರೆ ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಭಯ ಹೋದ ಮೇಲೆ ಬಾವಿಯೂ ಬಂತು, ತೋಟವೂ ಬಂತು, ಗೇಣಿಯಾಗಿ ಹೋಗುತ್ತಿದ್ದ ಅಕ್ಕಿಯ ಬೆಲೆ ಮಕ್ಕಳ ಶಾಲೆಗೆ ಹೋಯಿತು. ಧಣಿಯ ಮನೆಯ ಮದುವೆಗೆ ಬಿಟ್ಟಿ ಚಾಕರಿಗೆ ಹೋಗಬೇಕಾಗಿದ್ದವರು ಕರೆಯೋಲೆ ಬಂದರೆ ಹೋಗುವ ನೆಂಟರಂತಾದರು. ದುಡ್ಡಿನಲ್ಲಿ ಅಳೆಯಲಾಗದ ಈ ಬದಲಾವಣೆಯೇ ದೊಡ್ಡದೆಂದು ಆ ಕಾಲವನ್ನು ಕಂಡವರು ಹೇಳುವುದನ್ನು ನಾನು ಕೇಳಿದ್ದೇನೆ.

ನಮ್ಮ ಮನೆಯೂ ಡಿಕ್ಲರೇಷನ್ನಿನ ಮನೆ. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಫಾರಂ 10, ಅಂದರೆ ಅಧಿಭೋಗದಾರನೆಂದು ನೋಂದಾಯಿಸಿದ ಪ್ರಮಾಣಪತ್ರ, ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಗಳಲ್ಲಿ ಹರಿದು, ಹಿಂಬದಿಗೆ ಅಂಟಿಸಿದ ಹಾಳೆಯ ಆಸರೆಯಲ್ಲಿ ಇನ್ನೂ ಇದೆ. ಅದರಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಅಜ್ಜನ ಹೆಸರು, ಒಂದು ನೀಲಿ ಮೊಹರು. ಅದನ್ನು ಎಷ್ಟೋ ಸಲ ನೋಡಿದ ಮೇಲೆ ಅದರಲ್ಲಿ ಇಲ್ಲದ ಎರಡು ಹೆಸರುಗಳು ನನ್ನನ್ನು ಕಾಡತೊಡಗಿದವು. ಒಂದು ಅಜ್ಜಿಯದು. ನೇಜಿ ನೆಟ್ಟದ್ದು, ಕಳೆ ಕಿತ್ತದ್ದು, ಭತ್ತ ಕುಟ್ಟಿ ಗೇಣಿಯ ಅಕ್ಕಿ ಮಾಡಿದ್ದು ಅವಳು. ‘ಉಳುವವನೇ’ ಎಂಬ ಮಾತು ನೇಗಿಲು ಹಿಡಿದವನನ್ನು ಕಂಡಿತು, ಬಗ್ಗಿ ನೆಟ್ಟವಳನ್ನು ಕಾಣಲಿಲ್ಲ. ಅರ್ಜಿಗೆ ಸಹಿ ಹಾಕುವವನು ಮನೆಯ ಗಂಡಸು ಎಂಬುದನ್ನು ಅಂದು ಸರ್ಕಾರವೂ ಸಮಾಜವೂ ಪ್ರಶ್ನಿಸಲಿಲ್ಲ. ಕುಟುಂಬದ ಯಜಮಾನನ ಒಬ್ಬನ ಹೆಸರಿಗೆ ಬಂದ ಹಕ್ಕು ಅವನೊಬ್ಬನದೇ ಅಥವಾ ಕೂಡುಕುಟುಂಬದ್ದೇ ಎಂಬ ವ್ಯಾಜ್ಯಗಳು, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳಲ್ಲಿಯೂ ಮಿಕ್ಕ ಮನೆಗಳಲ್ಲಿಯೂ, ಅನಂತರದ ದಶಕಗಳಲ್ಲಿ ಕೋರ್ಟುಗಳನ್ನು ತುಂಬಿದವು.

ಎರಡನೆಯ ಹೆಸರು ಆ ಗದ್ದೆಯ ಒಡತಿಯದು. ಅವರು ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು, ಮಾಡಿಸಲು ಗಂಡು ದಿಕ್ಕಿಲ್ಲದೆ ಗೇಣಿಗೆ ಕೊಟ್ಟವರು, ಅವರಿಗೆ ಇದ್ದದ್ದು ಅದೊಂದೇ ತುಂಡು. 1961ರ ಕಾಯ್ದೆಯಲ್ಲಿ ವಿಧವೆಯರು, ಅಪ್ರಾಪ್ತರು, ಅಂಗವಿಕಲರಿಗೆ ಇದ್ದ ವಿನಾಯಿತಿಯನ್ನು 1974ರ ತಿದ್ದುಪಡಿ ತೆಗೆದುಹಾಕಿ, ಸೈನಿಕರು ಮತ್ತು ನಾವಿಕರಿಗೆ ಮಾತ್ರ ಉಳಿಸಿತು. ಇದಕ್ಕೆ ಕಾರಣವಿತ್ತು: ದೊಡ್ಡ ಒಡೆಯರು ತಮ್ಮ ಜಮೀನನ್ನು ಮನೆಯ ವಿಧವೆಯ ಹೆಸರಿಗೋ ಮಗುವಿನ ಹೆಸರಿಗೋ ಮಾಡಿ ಆ ಸಂದಿನಿಂದ ನುಸುಳುತ್ತಿದ್ದರು. ಸಂದನ್ನು ಮುಚ್ಚಿದಾಗ ನಿಜವಾದ ವಿಧವೆಯೂ ಅದರಡಿ ಸಿಕ್ಕಿಕೊಂಡಳು. ಪರಿಹಾರದ ಮೊತ್ತ ಗೇಣಿಯ ಲೆಕ್ಕದ ಮೇಲೆ ನಿಂತಿತ್ತೇ ಹೊರತು ಪೇಟೆಯ ಬೆಲೆಯ ಮೇಲಲ್ಲ. ನೂರಾರು ಎಕರೆ ಕಳೆದುಕೊಂಡ ಒಡೆಯನಿಗೆ ಉಳಿದ ಆಸ್ತಿಯಿತ್ತು, ಓದಿದ ಮಕ್ಕಳಿದ್ದರು, ಊರು ಬಿಟ್ಟು ಪೇಟೆ ಸೇರುವ ದಾರಿಯಿತ್ತು. ಈ ತಾಯಿಗೆ ಅದು ಯಾವುದೂ ಇರಲಿಲ್ಲ. ಅಜ್ಜ ತಾನು ಬದುಕಿರುವವರೆಗೂ ವರ್ಷಕ್ಕೊಮ್ಮೆ ಅವರ ಮನೆಗೆ ಅಕ್ಕಿ ಮುಟ್ಟಿಸುತ್ತಿದ್ದರು. ಕಾನೂನಿನಲ್ಲಿ ಅದಕ್ಕೆ ಗೇಣಿ ಎಂಬ ಹೆಸರಿಲ್ಲ, ಅದು ಅಜ್ಜನ ಮನಸ್ಸಿನ ಲೆಕ್ಕ. ನಮಗೆ ನೆಲ ಕೊಟ್ಟ ಕಾನೂನನ್ನು ನಾನು ಗೌರವಿಸುತ್ತೇನೆ, ಆದರೆ ಅದು ಅವರಿಗೆ ಮಾಡಿದ ಅನ್ಯಾಯವನ್ನು ಒಪ್ಪಿಕೊಳ್ಳದೆ ಗೌರವಿಸಲು ನನ್ನಿಂದ ಆಗದು. ಎರಡೆಕರೆಯ ಒಡತಿಯನ್ನೂ ಇನ್ನೂರೆಕರೆಯ ಒಡೆಯನನ್ನೂ ಒಂದೇ ಕಲಮಿನಲ್ಲಿ ಕಟ್ಟದೆ, ಒಟ್ಟು ಹಿಡುವಳಿಯ ಲೆಕ್ಕ ಹಿಡಿದು ಚಿಕ್ಕವರಿಗೆ ಬೇರೆ ದರದ ಪರಿಹಾರ ಕೊಡುವುದು ಅಂದಿನ ಸರ್ಕಾರದ ಕೈಮೀರಿದ ಕೆಲಸವಾಗಿರಲಿಲ್ಲ. ಜಮೀನು ಕಳೆದುಕೊಂಡ ಸಣ್ಣ ದೇವಸ್ಥಾನಗಳ ಅರ್ಚಕರು ಸರ್ಕಾರದಿಂದ ವರ್ಷಕ್ಕೊಮ್ಮೆ ಬರುವ ತಸ್ತೀಕಿನ ಹಣಕ್ಕಾಗಿ ಕಚೇರಿ ಅಲೆದದ್ದೂ ಇದೇ ಬಗೆಯ ಕಥೆ.

ಇನ್ನು ಫಲದ ಹೊರಗೆ ಉಳಿದ ದೊಡ್ಡ ಗುಂಪಿನ ಕಡೆ ಬರೋಣ, ಅದು ಕೂಲಿಕಾರರದು. ‘ಸ್ವತಃ ಸಾಗುವಳಿ’ ಎಂಬ ಪದಕ್ಕೆ ಕಾಯ್ದೆ ಕೊಟ್ಟ ಅರ್ಥದಲ್ಲಿ ಸ್ವಂತ ದುಡಿಮೆ, ಮನೆಯವರ ದುಡಿಮೆ ಮಾತ್ರವಲ್ಲದೆ, ತನ್ನ ಮೇಲ್ವಿಚಾರಣೆಯಲ್ಲಿ ಸಂಬಳದ ಆಳುಗಳಿಂದ ಮಾಡಿಸುವ ಬೇಸಾಯವೂ ಸೇರಿತ್ತು. ಹೀಗಾಗಿ ಗೇಣಿಗೆ ಕೊಟ್ಟವನು ಜಮೀನು ಕಳೆದುಕೊಂಡ, ವರ್ಷದಾಳುಗಳನ್ನು ಇಟ್ಟು ಮಾಡಿಸಿದವನು ಉಳಿಸಿಕೊಂಡ. ಟ್ರಿಬ್ಯೂನಲ್‌ಗಳ ಮುಂದೆ ಒಡೆಯರ ಪರವಾಗಿ ಮತ್ತೆ ಮತ್ತೆ ಕೇಳಿಬಂದ ವಾದವೂ ‘ಇವನು ನನ್ನ ಗೇಣಿದಾರನಲ್ಲ, ಕೂಲಿಯಾಳು’ ಎಂಬುದೇ. ಈ ಕೂಲಿಯಾಳುಗಳಲ್ಲಿ ಬಹುಪಾಲು ದಲಿತರು. ತಲೆಮಾರುಗಳಿಂದ ನಿಜಕ್ಕೂ ಉತ್ತವರು ಅವರೇ, ಆದರೆ ಕಾನೂನಿನ ನಿಘಂಟಿನಲ್ಲಿ ಅವರು ‘ಉಳುವವರು’ ಆಗಲಿಲ್ಲ. ಗೇಣಿ ಕಡಿಮೆಯಿದ್ದ ಬಯಲುಸೀಮೆಯ ಬಹುಭಾಗವನ್ನು ಕಾಯ್ದೆ ಮೇಲ್ಮೇಲೆ ಸವರಿಕೊಂಡು ಹೋದದ್ದಕ್ಕೆ ಇದೇ ಕಾರಣ. ಕೂಲಿಕಾರರಿಗೆ ಭೂಮಿ ಸಿಗಬೇಕಾಗಿದ್ದದ್ದು ಗರಿಷ್ಠ ಮಿತಿಗಿಂತ ಹೆಚ್ಚಾದ ಜಮೀನಿನಿಂದ. ಆ ಮಿತಿ ಐವರ ಕುಟುಂಬಕ್ಕೆ 10 ಯೂನಿಟ್, ಕೊನೆಯ ದರ್ಜೆಯ ಮಳೆಯಾಶ್ರಿತ ಜಮೀನಾದರೆ 54 ಎಕರೆ. ಕಾಗದದ ಮೇಲೆ ಮನೆಯ ಎಲ್ಲರ ಹೆಸರಿಗೆ ಪಾಲು ಮಾಡಿಕೊಳ್ಳಲು ಕಾಲಾವಕಾಶ ಸಿಕ್ಕಿದ್ದರಿಂದ ಹೆಚ್ಚುವರಿಯೆಂದು ದೊರೆತದ್ದು ಅತ್ಯಲ್ಪ. ಅನ್ಯರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಮನೆಯ ಅಡಿಯ ಜಾಗದ ಹಕ್ಕನ್ನು ಕಾಯ್ದೆ ಕೊಟ್ಟಿತು. ಏಳು ಎಂದರೆ ಏಳಬೇಕಾಗಿದ್ದ ಜನಕ್ಕೆ ಅದು ಸಣ್ಣ ಸಂಗತಿಯಲ್ಲ, ಆದರೆ ಹೊಲ ಹೊಲವೇ, ಮನೆಯ ಅಡಿ ಮನೆಯ ಅಡಿಯೇ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನು ಪರಭಾರೆಯಾಗದಂತೆ ತಡೆಯುವ ಪ್ರತ್ಯೇಕ ಕಾಯ್ದೆಯನ್ನು 1978ರಲ್ಲಿ ಅರಸು ಸರ್ಕಾರವೇ ತಂದಿತು, ಅದರದು ಬೇರೆಯೇ ಒಂದು ದೀರ್ಘ ಕಥೆ.

ಟ್ರಿಬ್ಯೂನಲ್‌ಗಳ ವೇಗಕ್ಕೂ ಬೆಲೆ ತೆರಬೇಕಾಯಿತು. ಸದಸ್ಯರು ಸರ್ಕಾರದ ನೇಮಕದವರಾದ್ದರಿಂದ ಆಳುವ ಪಕ್ಷದ ಸ್ಥಳೀಯ ಬಣಗಳ ಬಿಸಿ ಒಳಗೆ ಬಂತು. ನೋಟಿಸು ಸರಿಯಾಗಿ ಜಾರಿಯಾಗದೆ, ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳದೆ, ಕಾರಣ ಕೊಡದೆ ಎರಡು ಸಾಲಿನ ಆದೇಶ ಬರೆದ ಪ್ರಕರಣಗಳನ್ನು ಹೈಕೋರ್ಟು ರದ್ದುಮಾಡಿ ಮರುವಿಚಾರಣೆಗೆ ಕಳುಹಿಸತೊಡಗಿತು. ವಕೀಲರ ಮೇಲಿನ ನಿರ್ಬಂಧವನ್ನು 1987ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಕಾಯ್ದೆಯ ಉಳಿದ ಭಾಗವನ್ನು ಎತ್ತಿಹಿಡಿಯಿತು. ಮರುವಿಚಾರಣೆಗೆ ಮರಳಿದ ಕಡತ ಎಂದರೆ ಗೇಣಿದಾರನ ಪಾಲಿಗೆ ಇನ್ನೂ ಹತ್ತಿಪ್ಪತ್ತು ವರ್ಷ. ನಡಾವಳಿಯಲ್ಲಿ ಉಳಿಸಿದ ಒಂದು ಗಂಟೆಯ ಶ್ರಮಕ್ಕೆ ಬಡವನ ಮಗ ತನ್ನ ಆಯುಷ್ಯದ ಒಂದು ಪಾಲನ್ನು ಕೋರ್ಟಿನ ಮೆಟ್ಟಿಲಲ್ಲಿ ತೆತ್ತ ಉದಾಹರಣೆಗಳು ಕರಾವಳಿಯ ಯಾವ ತಾಲೂಕಿನಲ್ಲಿಯೂ ಸಿಗುತ್ತವೆ. ವಿಚಾರಣೆಯ ವಿಧಿವಿಧಾನವನ್ನು ಬಲ್ಲವರು ಅದನ್ನು ಬಡವರ ವಿರುದ್ಧದ ಅಡ್ಡಗೋಡೆ ಎಂದುಕೊಳ್ಳುತ್ತಾರೆ. ಅನೇಕ ಸಲ ಅದು ಹೌದು, ಆದರೆ ಕೊಟ್ಟದ್ದು ಉಳಿಯಬೇಕಾದರೆ ಅದೇ ಗೋಡೆ ಬೇಕಾಗುತ್ತದೆ.

ಕಾಯ್ದೆಯ ಇನ್ನೊಂದು ಕೊನೆಯಲ್ಲಿದ್ದ 79ಎ ಮತ್ತು 79ಬಿ ಕಲಮುಗಳ ಗತಿಯನ್ನು ಚಿಕ್ಕದಾಗಿ ಹೇಳಬಹುದು. ಬೇಸಾಯದ ಹೊರಗಿನ ಆದಾಯ ಒಂದು ಮಿತಿಯನ್ನು ದಾಟಿದವರು ಮತ್ತು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ಅವು ತಡೆದಿದ್ದವು. ಪೇಟೆಯ ದುಡ್ಡು ಹಳ್ಳಿಯ ನೆಲವನ್ನು ನುಂಗದಿರಲಿ ಎಂಬುದು ಉದ್ದೇಶ. 1974ರಲ್ಲಿ 12,000 ರೂಪಾಯಿಯಾಗಿದ್ದ ಆದಾಯದ ಮಿತಿ ಬೆಳೆಯುತ್ತ ಹೋಗಿ 2015ರಲ್ಲಿ 25 ಲಕ್ಷಕ್ಕೆ ಬಂದು ನಿಂತಿತು. ಬೆಂಗಳೂರಿನ ಸುತ್ತ ಈ ಕಲಮುಗಳು ಜಮೀನನ್ನು ಕಾಯುವುದಕ್ಕಿಂತ ಹೆಚ್ಚಾಗಿ ಸುಳ್ಳು ಕೃಷಿಕ ಪ್ರಮಾಣಪತ್ರಗಳ ವ್ಯಾಪಾರವನ್ನು ಸಾಕಿದವು, ಪ್ರಾಮಾಣಿಕವಾಗಿ ಬೇಸಾಯಕ್ಕಿಳಿಯಬೇಕೆಂದವನನ್ನು ಕಚೇರಿಗೆ ಅಲೆಸಿದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು, ಹಿಡುವಳಿಯ ಗರಿಷ್ಠ ಮಿತಿಯನ್ನೂ ಎತ್ತರಿಸಿತು. ಕೆಟ್ಟುಹೋದ ಬೀಗವನ್ನು ತೆಗೆದದ್ದು ಸರಿಯೆಂದು ವಾದಿಸಬಹುದು. ಬೇರೆ ಬೀಗವನ್ನು ಹಾಕದೆ ಬಾಗಿಲನ್ನು ಹಾಗೆಯೇ ಬಿಟ್ಟದ್ದನ್ನು ಒಪ್ಪಲು ನನಗೆ ಆಗುವುದಿಲ್ಲ, ಸಾಲದಲ್ಲಿರುವ ಸಣ್ಣ ಹಿಡುವಳಿದಾರನಿಗೆ ದೊಡ್ಡ ದುಡ್ಡಿನ ಎದುರು ‘ಕೊಡುವುದಿಲ್ಲ’ ಎನ್ನುವ ಬಲವನ್ನು ಕಾನೂನು ಒಂದಿಷ್ಟಾದರೂ ಕೊಡುತ್ತಿತ್ತು.

ಆದರೆ 1974ರ ಕಾನೂನಿನ ಅತ್ಯಂತ ದೂರಗಾಮಿಯಾದ ಪರಿಣಾಮ ಯಾರೂ ಎಣಿಸದ ಕಡೆಯಿಂದ ಬಂದದ್ದು. ಗೇಣಿಯೇ ಶೋಷಣೆಯ ಬೇರು ಎಂದು ಭಾವಿಸಿ ಕಾಯ್ದೆಯ 5ನೇ ಕಲಮು ಇನ್ನು ಮುಂದೆ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಪಶ್ಚಿಮ ಬಂಗಾಳ 1978ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನ ಆಪರೇಷನ್ ಬರ್ಗಾ ಪಾಲುಗಾರರನ್ನು ಒಡೆಯರನ್ನಾಗಿ ಮಾಡಲಿಲ್ಲ, ಅವರ ಹೆಸರನ್ನು ದಾಖಲೆಗೆ ಸೇರಿಸಿ, ಎಬ್ಬಿಸದಂತೆ ಕಾಪಾಡಿ, ಪಾಲಿನ ಪ್ರಮಾಣವನ್ನು ನಿಗದಿಪಡಿಸಿತು. ಕರ್ನಾಟಕ ಅಂದಿನ ಗೇಣಿದಾರನಿಗೆ ಅದಕ್ಕಿಂತ ಬಹಳ ಹೆಚ್ಚಿನದನ್ನು ಕೊಟ್ಟಿತು, ನಾಳೆಯ ಗೇಣಿದಾರನಿಗೆ ಏನನ್ನೂ ಉಳಿಸಲಿಲ್ಲ. ಏಕೆಂದರೆ ಕಲಮಿನಿಂದ ನಿಷೇಧಿಸಿದ ಮಾತ್ರಕ್ಕೆ ಹೊಲ ಇರುವವನ ಬಳಿ ದುಡಿಯುವ ಕೈಗಳೂ, ದುಡಿಯುವ ಕೈಗಳಿರುವವನ ಬಳಿ ಹೊಲವೂ ತಾವಾಗಿ ಬಂದು ಸೇರುವುದಿಲ್ಲ. ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಹೋದ ಮನೆಯ ವೃದ್ಧರು ಹೊಲವನ್ನು ಕೋರಿಗೋ ಪಾಲಿಗೋ ಗುತ್ತಿಗೆಗೋ ಕೊಡುತ್ತಲೇ ಇದ್ದಾರೆ, ಆದರೆ ಎಲ್ಲವೂ ಬಾಯಿಮಾತಿನಲ್ಲಿ. ಒಂದು ಸಾಲು ಬರೆದುಕೊಟ್ಟರೂ ಜಮೀನು ಹೋಗುತ್ತದೆ ಎಂಬ 1974ರ ನೆನಪು ಒಡೆಯನ ಕೈಯನ್ನು ಹಿಡಿಯುತ್ತದೆ. ಅಂದು ಜಮೀನು ಪಡೆದ ಗೇಣಿದಾರರ ಮಕ್ಕಳಲ್ಲಿಯೂ ಈ ಭಯ ಇದೆ ಎಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ನಮ್ಮ ಗದ್ದೆಯನ್ನು ಈಗ ಬೇರೊಬ್ಬರು ಮಾಡುತ್ತಾರೆ, ಅದಕ್ಕೂ ಚೀಟಿಯಿಲ್ಲ.

ಚೀಟಿಯಿಲ್ಲದವನಿಗೆ ಇಂದು ಏನು ತಪ್ಪಿಹೋಗುತ್ತದೆ ಎಂಬುದನ್ನು ಒಂದು ಬರಗಾಲದ ವರ್ಷದಲ್ಲಿ ನೋಡಬೇಕು. ಸೊಸೈಟಿಯ ಬೆಳೆ ಸಾಲ ಪಹಣಿ ಇದ್ದವರಿಗೆ, ಆದ್ದರಿಂದ ಪಾಲುಗಾರ ಖಾಸಗಿ ಬಡ್ಡಿಗೆ ಹಣ ತರುತ್ತಾನೆ. ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆ ಪಹಣಿಯ ಸರ್ವೆ ನಂಬರಿಗೆ ಜೋಡಣೆಯಾಗಿರುತ್ತದೆ, ಆದ್ದರಿಂದ ಬೆಳೆ ನಷ್ಟದ ಪರಿಹಾರ ಒಡೆಯನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಒಡೆಯ ಒಳ್ಳೆಯವನಾದರೆ ಅದರಲ್ಲಿ ಪಾಲು ಕೊಡುತ್ತಾನೆ, ಇಲ್ಲದಿದ್ದರೆ ಕೇಳಲು ಪಾಲುಗಾರನಿಗೆ ಬಾಯಿಲ್ಲ. ಜಮೀನಿನ ಒಡೆತನಕ್ಕೆ ಧಕ್ಕೆಯಾಗದಂತೆ ಗುತ್ತಿಗೆಯನ್ನು ದಾಖಲಿಸಿ, ಮಾಡುವವನಿಗೆ ಸಾಲ ಮತ್ತು ವಿಮೆ ಸಿಗುವಂತೆ ಮಾಡುವ ಮಾದರಿ ಕಾನೂನೊಂದನ್ನು ನೀತಿ ಆಯೋಗದ ಸಮಿತಿ 2016ರಲ್ಲಿಯೇ ಸಿದ್ಧಪಡಿಸಿದೆ. ಅದರಲ್ಲಿಯೂ ಕೊರತೆಗಳಿರಬಹುದು, ಕಂಪನಿಗಳು ಆ ದಾರಿಯಲ್ಲಿ ನುಗ್ಗುವ ಭಯ ನಿರಾಧಾರವಲ್ಲ. ಆದರೂ ಒಡೆಯನ ಭಯವನ್ನು ಮೊದಲು ಕಳೆಯದೆ ಮಾಡುವವನ ಹೆಸರು ಕಾಗದಕ್ಕೆ ಬರುವುದಿಲ್ಲ ಎಂಬ ಅದರ ತಿಳಿವಳಿಕೆ ಸರಿಯಾದದ್ದು.

ಕಳೆದ ಮಳೆಗಾಲದಲ್ಲಿ ಮೊಬೈಲ್ ಹಿಡಿದು ಬೆಳೆ ಸಮೀಕ್ಷೆಗೆ ಬಂದ ಹುಡುಗ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಪೈರಿನ ಫೋಟೊ ತೆಗೆದುಕೊಂಡ. ಸರ್ವೆ ನಂಬರು ಹಾಕಿದ, ಬೆಳೆ ಭತ್ತ ಎಂದು ಒತ್ತಿದ. ತೆರೆಯ ಮೇಲೆ ನಮ್ಮ ಮನೆಯ ಹೆಸರು ಬಂತು. ಗದ್ದೆ ಮಾಡುವವರು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ಚಿತ್ರಕ್ಕೆ ಅಡ್ಡ ಬಾರದಂತೆ ಎರಡು ಹೆಜ್ಜೆ ಹಿಂದೆ ಸರಿದುಕೊಂಡರು.